ಅಡುಗೆಯಾಕೆ ಏನಂದಳು?

ಪ್ರೀತಿಯ ತಮ್ಮಾ,

ಮನಿಲಾದಿಂದ ನೀನು ಬರೆದು ಕಳಿಸಿದ, ಅಲ್ಲಿನ ದೆವ್ವಗಳ ಪತ್ತೇದಾರಿ ಕಾದಂಬರಿಯನ್ನು ಎರಡು ಸಲ ಓದಿದೆ. ಮೆಡಿಕಲ್ ಓದಿನ ನಡುವೆ ಇನ್ನೂರು ಪುಟ ಕನ್ನಡ ಬರೆದಿದ್ದೀಯ. ನಿನ್ನ ಮೇಲೆ ಅಕ್ಕರೆ ಬರೋಕೆ ಅಷ್ಟೇ ಸಾಕಾಯಿತು. ಆದರೆ ಕೊನೆಯಲ್ಲಿ "ದೆವ್ವ ಅವರದು, ಭಾಷೆ ನಮ್ಮದು, ಇದನ್ನ ಯಾರು ಓದ್ತಾರೆ, ಸುಟ್ಟುಬಿಡ್ತೀನಿ" ಅಂದಿದ್ದೀಯಲ್ಲ, ಅದಕ್ಕೆ ಸಿಟ್ಟೂ ಬಂತು. ಸುಡಬೇಡ. ಕಾಗುಣಿತ, ಅಧ್ಯಾಯದ ಉದ್ದ, ಪ್ರಕಾಶಕರು, ಇವೆಲ್ಲ ಆಮೇಲೆ. ನಾನು ಹೇಳಬೇಕಾದದ್ದು ಒಂದೇ.

ನೀನು ವಿವರಿಸುವುದು ಜಾಸ್ತಿ.

'ಟ್ರೆಸೆ' ನೋಡಿ ಬರೆಯಲು ಕೂತೆ ಅಂದೆ. ನಿನ್ನ ಪತ್ರ ಬಂದ ಮೇಲೆ ನಾನೂ ಆರು ಕಂತು ನೋಡಿದೆ. 2021ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಈ ಅನಿಮೇಷನ್ ಸರಣಿಯ ಬೇರು 2005ರ ಫಿಲಿಪೀನ್ಸ್ ಕಾಮಿಕ್ಸ್‌ನಲ್ಲಿದೆ. ಬಡ್ಜೆಟ್ ಟಾನ್ ಬರೆದರು, ಕಾಜೊ ಬಾಲ್ಡಿಸಿಮೊ ಚಿತ್ರ ಬಿಡಿಸಿದರು. ಮೊದಮೊದಲು ಅದು ಬರೀ ಜೆರಾಕ್ಸ್ ಪ್ರತಿ. ತಮ್ಮ ಊರಿನವರು ಓದುತ್ತಾರೆ ಅನ್ನುವ ಧೈರ್ಯ ಅದರ ತುಂಬಾ ಇದೆ. ಯಾರೂ ನಿಂತು ಪಾಠ ಹೇಳುವುದಿಲ್ಲ.

ಮೊದಲ ಕೇಸನ್ನೇ ನೋಡು. ಕೆಜೋನ್ ಸಿಟಿಯ ಬಲೆಟೆ ಡ್ರೈವ್‌ನಲ್ಲಿ ರಾತ್ರಿ ಬಿಳಿ ಬಟ್ಟೆಯ ಹೆಂಗಸೊಬ್ಬಳು ಟ್ಯಾಕ್ಸಿಗಳಿಗೆ ಕೈ ಅಡ್ಡ ಹಿಡಿಯುತ್ತಾಳೆ ಅನ್ನುವುದು ಅಲ್ಲಿನ ಹಳೇ ಮಾತು. ಇಲ್ಲಿ ಆ ದೆವ್ವವೇ ಕೊಲೆಯಾಗಿ ಬಿದ್ದಿದೆ! ಸತ್ತವಳನ್ನು ಮತ್ತೆ ಕೊಂದವರು ಯಾರು? ಹುತ್ತದಲ್ಲಿ ಇರಬೇಕಾದ ನುನೊ ಅನ್ನುವ ಕುಳ್ಳ ಭೂತ ಮ್ಯಾನ್‌ಹೋಲ್ ಒಳಗೆ ಕೂತು ಪತ್ತೇದಾರಿಣಿ ಅಲೆಕ್ಸಾಂಡ್ರಾ ಟ್ರೆಸೆಗೆ ಸುದ್ದಿ ಕೊಡುತ್ತಾನೆ. ಊರು ಕಾಂಕ್ರೀಟ್ ಆದರೆ ಅವನೆಲ್ಲಿಗೆ ಹೋಗಬೇಕು, ಅಲ್ವಾ? ಅವಳ ಜೊತೆಗಿರುವ ಅವಳಿಗಳ ಹೆಸರು ಕ್ರಿಸ್ಪಿನ್, ಬಾಸಿಲಿಯೊ. ಅಲ್ಲಿನ ಲೇಖಕ ಹೊಸೆ ರಿಸಾಲ್ 1887ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಇಗರ್ಜಿಯವರು ಕಳ್ಳತನ ಹೊರಿಸಿ ಹಿಂಸಿಸಿದ ಅಣ್ಣತಮ್ಮಂದಿರ ಹೆಸರು ಅದು. 1956ರ ಕಾನೂನಿನಿಂದಾಗಿ ಅಲ್ಲಿಯ ವಿದ್ಯಾರ್ಥಿಗಳೆಲ್ಲ ಆ ಪುಸ್ತಕ ಓದಿರುತ್ತಾರೆ. ಹೆಸರು ಕೇಳಿದರೆ ಸಾಕು, ಅವರಿಗೆ ಎದೆ ಚುರುಕ್ ಅನ್ನುತ್ತೆ. ನಮಗೆ ಗೊತ್ತಾಗದಿದ್ದರೂ ಕಥೆ ನಿಲ್ಲುವುದಿಲ್ಲ.

ಈಗ ನಿನ್ನ ಮೂರನೇ ಅಧ್ಯಾಯಕ್ಕೆ ಬಾ. ಕಾಡಿನಲ್ಲಿ ಮಗು ಅಳುತ್ತಿದೆ, ಎತ್ತಿಕೊಂಡವರನ್ನು ಕಚ್ಚಲು ಟಿಯಾನಾಕ್, ಆ ಮಗುವಿನ ರೂಪದ ದೆವ್ವ, ಕಾಯುತ್ತಿದೆ. ನಾನು ಉಸಿರು ಬಿಗಿಹಿಡಿದಿದ್ದೆ. ಆಗ ನೀನು ಎರಡು ಪುಟ ಟಿಯಾನಾಕ್ ಅಂದರೆ ಏನು, ಈ ನಂಬಿಕೆ ಯಾಕೆ ಹುಟ್ಟಿತು ಅಂತ ಶುರು ಮಾಡಿದೆ. ಮಗು ಅಲ್ಲೇ ಅಳುತ್ತಾ ಉಳಿಯಿತು ಮಾರಾಯ!

ನನಗೆ ಇಷ್ಟು ಕೋಪ ಬರಲು ಕಾರಣ ಇದೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನು ಕೊಳ್ಳಿದೆವ್ವದ ಕಥೆ ಬರೆದೆ. ನನ್ನ ಸೋದರತ್ತೆ ಹೇಳಿದ್ದು. ಗದ್ದೆ ಬದುವಿನಲ್ಲಿ ಅವಳ ಹಿಂದೆಯೇ ಬಂದ ಬೆಂಕಿ. ಪತ್ರಿಕೆಯೊಂದರ ಸಂಪಾದಕರು "ಇದು ಜೌಗು ನೆಲದ ಅನಿಲ ಅಂತ ಒಂದು ಪ್ಯಾರಾ ಸೇರಿಸಿ, ಹಾಕ್ತೀವಿ" ಅಂದರು. ಸೇರಿಸಿದೆ. ಅಚ್ಚಾಯಿತು. ಅತ್ತೆಗೆ ನಾನೇ ಓದಿ ಹೇಳಿದೆ. ಕೇಳಿಸಿಕೊಂಡು, "ನಿಂಗೆ ಮೊದ್ಲೇ ಗೊತ್ತಿತ್ತಲ್ಲ, ನನ್ನ ಯಾಕೆ ಕೇಳ್ದೆ?" ಅಂದಳು. ಆಮೇಲೆ ಹದಿನಾಲ್ಕು ವರ್ಷ ಬದುಕಿದ್ದಳು. ಒಂದೇ ಒಂದು ಕಥೆ ಹೇಳಲಿಲ್ಲ. ಆ ಸಂಪಾದಕರ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಆದರೆ ಪ್ಯಾರಾ ಬರೆದ ಕೈ ನನ್ನದು.

ನಿನ್ನ ಹಸ್ತಪ್ರತಿಯ 61ನೇ ಪುಟದಲ್ಲಿ ಒಂದು ಸಾಲಿದೆ. ಹಾಸ್ಟೆಲ್ ಅಡುಗೆಯಾಕೆ ಕಸ ಚೆಲ್ಲಲು ಹೋಗುವಾಗ ಮರದ ಹತ್ತಿರ ದನಿ ತಗ್ಗಿಸಿ "ತಾಬಿ ತಾಬಿ ಪೊ" ಅನ್ನುತ್ತಾಳೆ. ಕಾಣದವರಿಗೆ ಸ್ವಲ್ಪ ದಾರಿ ಬಿಡಿ ಅನ್ನುವ ವಿನಯ. ಇದನ್ನು ನೀನು ಇಂಟರ್‌ನೆಟ್‌ನಲ್ಲಿ ಹುಡುಕಿದ್ದಲ್ಲ, ಕಿವಿಯಾರೆ ಕೇಳಿದ್ದು. ಆ ಸಾಲು ಓದಿ ನನ್ನ ಮೈ ಜುಮ್ಮೆಂದಿತು. ನೀನೋ ಮುಂದಿನ ಸಾಲಿಗೇ ಪತ್ತೇದಾರನ ಕಾರು ತಂದು ನಿಲ್ಲಿಸಿದೆ.

ಆ ಮರ ಯಾವುದು? ಆಕೆಯ ಊರು ಎಲ್ಲಿ? ಕಸದ ಬಕೆಟ್ಟನ್ನು ಯಾವ ಕೈಗೆ ಬದಲಾಯಿಸಿಕೊಂಡಳು? ಇವತ್ತೇ ಹೋಗಿ ಆಕೆಯ ಜೊತೆ ತರಕಾರಿ ಹೆಚ್ಚಲು ಕೂತುಕೋ. ಮೊಬೈಲ್ ಒಳಗಿಡು. ಆಕೆ ಏನು ಹೇಳಿದಳೋ ಅದನ್ನು ಬರಿ. ಹೇಳದಿದ್ದರೆ, ಹೇಳಲಿಲ್ಲ ಅಂತಲೇ ಬರಿ. ಆ ಪುಟಗಳು ಬರುವವರೆಗೆ ನಿನ್ನ ಹಸ್ತಪ್ರತಿ ನನ್ನ ಮೇಜಿನ ಮೇಲೇ ಇರುತ್ತೆ.

ನಿನ್ನ ಅಣ್ಣ