ಆ ದನಿ ಯಾರದು?

ಪ್ರಿಯ ಮಗಳೇ,

ನಿನ್ನ ಪತ್ರ ಮತ್ತು ಲೇಖನ ಎರಡನ್ನೂ ಓದಿದೆ. ಸಂಪಾದಕರು ವಾಪಸ್ ಕಳಿಸಿದರು, ಇನ್ನು ಬರೆಯುವುದೇ ಬೇಡ ಅನ್ನಿಸುತ್ತಿದೆ ಎಂದಿದ್ದೀಯ. ಓದಿ ಸಂಕಟವಾಯಿತು. ಎಷ್ಟು ಪದ ಇರಬೇಕು, ಯಾವ ಪತ್ರಿಕೆಗೆ ಕಳಿಸಬೇಕು ಅಂತೆಲ್ಲ ಕೇಳಿದ್ದೀಯಲ್ಲ, ಅವನ್ನು ಬಿಡು. ಬರೀತಾ ಬರೀತಾ ತಾನಾಗಿ ಗೊತ್ತಾಗುತ್ತದೆ.

ಅಮೆರಿಕದ ಕಪ್ಪು ಗಾಯಕಿ ಬಿಯಾನ್ಸೆಯ 'ಫಾರ್ಮೇಷನ್' ಹಾಡಿನ ವಿಡಿಯೋ ಬಗ್ಗೆ ನೀನು ಬರೆದ ಮೊದಲ ಎರಡು ಪುಟ ನನಗೆ ತುಂಬಾ ಹಿಡಿಸಿದವು. ನೀರಿನಲ್ಲಿ ಮುಳುಗುತ್ತಿರುವ, ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಪೊಲೀಸ್ ಕಾರು, ಅದರ ಮೇಲೆ ಅವಳು. ತಲೆಮುಸುಕಿನ ಹೂಡಿ ಅಂಗಿ ತೊಟ್ಟ ಪುಟ್ಟ ಹುಡುಗ ಪೊಲೀಸರ ಸಾಲಿನ ಎದುರು ಕುಣಿಯುತ್ತಾನೆ, ಪೊಲೀಸರು ಕೈ ಮೇಲೆತ್ತುತ್ತಾರೆ, ಗೋಡೆಯ ಮೇಲೆ 'ನಮಗೆ ಗುಂಡು ಹೊಡೆಯುವುದನ್ನು ನಿಲ್ಲಿಸಿ' ಎಂಬ ಬರಹ. ಹಾಸ್ಟೆಲಿನಲ್ಲಿ ಎಲ್ಲರೂ ಮಲಗಿದ ಮೇಲೆ ಅದನ್ನು ನಾಲ್ಕು ಸಲ ನೋಡಿ ಅತ್ತೆ ಎಂದಿದ್ದೀಯ. ಅದು ನಿಜವಾದ ಬರಹ.

ಮೂರನೇ ಪುಟಕ್ಕೆ ಬಂದರೆ ನೀನೇ ಇಲ್ಲ! ಸಬಲೀಕರಣ, ಶೋಷಣೆ, ಮಾರುಕಟ್ಟೆ. ಕೊನೆಗೆ 'ಎರಡೂ ನಿಜ' ಅಂತ ತಕ್ಕಡಿ ಸಮ ಮಾಡಿ ಎದ್ದುಬಿಟ್ಟಿದ್ದೀಯ. ಕೋಪ ಬಂತು.

ಆ ವಿಡಿಯೋ ಶುರುವಾಗುವುದೇ ಒಂದು ದನಿಯಿಂದ. ನೀನು ಅದನ್ನು 'ಹಿನ್ನೆಲೆಯಲ್ಲಿ ಒಂದು ದನಿ' ಅಂತ ಬರೆದು ದಾಟಿಬಿಟ್ಟೆ. ಅವನಿಗೆ ಹೆಸರಿದೆ ಮಗಳೇ. ಮೆಸ್ಸಿ ಮಾಯಾ ಎಂದು ಕರೆದುಕೊಳ್ಳುತ್ತಿದ್ದ, ಯೂಟ್ಯೂಬಿನಲ್ಲಿ ಊರವರನ್ನು ನಗಿಸುತ್ತಿದ್ದ, ಅದೇ ನ್ಯೂ ಆರ್ಲಿಯನ್ಸಿನ ಕಪ್ಪು ಹುಡುಗ. 2010ರಲ್ಲಿ ಯಾರೋ ಗುಂಡಿಟ್ಟು ಕೊಂದರು. ಆರು ವರ್ಷದ ನಂತರ ಅವನ ದನಿ ಲೋಕವೆಲ್ಲ ಕೇಳಿತು. ನಮ್ಮನ್ನು ಯಾರೂ ಕೇಳಲಿಲ್ಲ, ದುಡ್ಡೂ ಕೊಡಲಿಲ್ಲ ಎಂದು ಮನೆಯವರು 2017ರಲ್ಲಿ ಕೋರ್ಟಿಗೆ ಹೋದರು. ಆಮೇಲೆ ರಾಜಿಯಾಯಿತು. ಸತ್ತ ಹುಡುಗನ ದನಿಗೆ ಕೋರ್ಟಿನ ಬಾಗಿಲಲ್ಲಿ ಲೆಕ್ಕ ಕೇಳಬೇಕಾಯಿತು, ಅಲ್ವಾ? ನಿನ್ನ ಪ್ರಶ್ನೆ ಇರುವುದು ಅಲ್ಲಿ.

ಬಿಯಾನ್ಸೆಯನ್ನು ಬೈ ಎನ್ನುತ್ತಿಲ್ಲ. ವಿಡಿಯೋ ಬಂದ ಮರುದಿನ, 2016ರ ಫೆಬ್ರವರಿ 7ರಂದು, ಅಮೆರಿಕನ್ ಫುಟ್‌ಬಾಲಿನ ಫೈನಲ್ ಆದ ಸೂಪರ್ ಬೌಲ್ ಮೈದಾನದಲ್ಲಿ ಅವಳ ನರ್ತಕಿಯರು ಕಪ್ಪು ಬೆರೆ ಟೋಪಿ ತೊಟ್ಟು ಬಂದರು. ಅಷ್ಟು ದೊಡ್ಡ ಆಟದ ನಡುವೆ ಅದನ್ನು ಮಾಡಲು ಧೈರ್ಯ ಬೇಕು. ಪೊಲೀಸ್ ಸಂಘದವರು ಬಹಿಷ್ಕಾರ ಹಾಕಿ ಎಂದರು. ಆಮೇಲೆ ಅವಳ ಹಾಡಿನ ಪ್ರವಾಸದಲ್ಲಿ ಅವಳ ಕಡೆಯವರೇ 'ಬಿಯಾನ್ಸೆಯನ್ನು ಬಹಿಷ್ಕರಿಸಿ' ಎಂಬ ಟೀ ಶರ್ಟನ್ನು ಮಾರಾಟಕ್ಕಿಟ್ಟರು. ಅದು ನನಗೆ ಹಿಡಿಸಲಿಲ್ಲ.

ಆ ಟೋಪಿ ಬ್ಲ್ಯಾಕ್ ಪ್ಯಾಂಥರ್‌ಗಳದು. 1966ರಲ್ಲಿ ಅಮೆರಿಕದ ಓಕ್ಲ್ಯಾಂಡಿನಲ್ಲಿ ಹ್ಯೂಯಿ ನ್ಯೂಟನ್, ಬಾಬಿ ಸೀಲ್ ಕಟ್ಟಿದ ಕಪ್ಪು ಜನರ ಪಕ್ಷ. 1969ರಲ್ಲಿ ಅವರು ಮಕ್ಕಳಿಗೆ ಬೆಳಗಿನ ತಿಂಡಿ ಹಾಕಲು ಶುರು ಮಾಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಆ ಪಕ್ಷದ ಮುಂದಾಳು, ಷಿಕಾಗೋದ ಫ್ರೆಡ್ ಹ್ಯಾಂಪ್ಟನ್‌ನನ್ನು ಪೊಲೀಸರು ಅವನ ಮನೆಯಲ್ಲೇ ಕೊಂದರು. 21 ವರ್ಷ, ಸುಮಾರು ನಿನ್ನದೇ ವಯಸ್ಸು. ನಿನ್ನ ಲೇಖನದಲ್ಲಿ ಟೋಪಿ ಇದೆ, ಇವರು ಯಾರೂ ಇಲ್ಲ. 1972ರಲ್ಲಿ ಮುಂಬೈಯಲ್ಲಿ ದಲಿತ ಪ್ಯಾಂಥರ್ಸ್ ಕಟ್ಟಿದವರೂ ಹೆಸರನ್ನು ಅವರಿಂದಲೇ ಪಡೆದರು. ಯಾರಿಂದ ಪಡೆದೆವು ಎಂದು ಹೇಳಿಯೇ ಪಡೆದರು.

ಇದನ್ನು ಹಿಡಿದುಕೊಂಡು ನಾನು ಯಾಕೆ ಇಷ್ಟು ಜಗ್ಗುತ್ತಿದ್ದೇನೆ ಅಂದರೆ, ಹರೆಯದಲ್ಲಿ ಒಂದು ಜಾಥಾದ ಬಗ್ಗೆ ಬರೆದಿದ್ದೆ. ರಾತ್ರಿ ಒಬ್ಬಾಕೆ ತಮಟೆಗೆ ತಾನೇ ಕಟ್ಟಿದ ಹಾಡು ಹಾಡಿದ್ದಳು. ಅದರ ನಾಲ್ಕು ಸಾಲು ತೆಗೆದುಕೊಂಡು 'ಒಬ್ಬ ಹೆಂಗಸು ಹಾಡಿದಳು' ಎಂದು ಬರೆದೆ. ಲೇಖನಕ್ಕೆ ಬಹುಮಾನ ಬಂತು, ಶಾಲು ಹೊದಿಸಿದರು, ಎಲ್ಲರೂ ಹೊಗಳಿದ್ದು ಆ ನಾಲ್ಕು ಸಾಲನ್ನೇ. ಒಂದು ಸಲ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ಕೇಳಿದಳು, "ನನ್ನ ಹೆಸರು ನಿಮಗೆ ಗೊತ್ತಿತ್ತಲ್ಲಣ್ಣಾ?" ಗೊತ್ತಿತ್ತು. ಆ ಲೇಖನ ಸೇರಿದ ಪುಸ್ತಕ ಆಮೇಲೆ ಎರಡು ಸಲ ಅಚ್ಚಾಯಿತು. ಎರಡು ಸಲವೂ ನಾನು ತಿದ್ದಲಿಲ್ಲ.

ಮೂರನೇ ಪುಟದಿಂದ ಎಲ್ಲ ಹರಿದುಹಾಕು. ಹಾಸ್ಟೆಲಿನ ರಾತ್ರಿ ಹಾಗೇ ಇರಲಿ, ಅದನ್ನು ಮುಟ್ಟಬೇಡ. ಅಲ್ಲಿಂದ ಆ ಹುಡುಗನ ದನಿಗೆ ಹೋಗು, ಅವನ ಮನೆಯವರಿಗೆ, ತಿಂಡಿ ಬಡಿಸಿದವರಿಗೆ. ಯುಗಾದಿಯೊಳಗೆ ಕಳಿಸು, ಕಾಯುತ್ತಿರುತ್ತೇನೆ. ಊಟ ಸರಿಯಾಗಿ ಮಾಡು.

ನಿನ್ನ ಮೇಷ್ಟ್ರು