ದಡದಲ್ಲಿ ನಿಂತು ಕಾಯ್ದವರಿಗೆ

ಕ್ಯಾಲಿಫೋರ್ನಿಯಾದ ಮಾಂಟೆರೆ ಬೇ ಅಕ್ವೇರಿಯಂನಲ್ಲಿ ವಾಲಂಟಿಯರ್ ಡೈವರ್ ಆಗಿ ನಾನು ಮಾಡುತ್ತಿದ್ದ ಕೆಲಸ ಮುಗಿಯಿತು. ಕಳೆದ ತಿಂಗಳು ಹುಬ್ಬಳ್ಳಿಗೆ ವಾಪಸ್ ಬಂದೆವು. ಇನ್ನು ವಿದ್ಯಾನಗರದ ಮನೆಯಲ್ಲೇ, ಅವ್ವನ ಜೊತೆ. ಆ ಕೆಲಸ ನನ್ನಿಂದ ಆಗುವಂತೆ ಮಾಡಿದವರಿಗೆಲ್ಲ ಫೋನಿನಲ್ಲಿ ಥ್ಯಾಂಕ್ಸ್ ಹೇಳಿದ್ದೇನೆ. ಅಷ್ಟು ಸಾಲದು ಅನ್ನಿಸಿತು. ಅದಕ್ಕೇ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ಓಣಿಯಲ್ಲಿ ಎಲ್ಲರೂ ಕೇಳುವುದು, ಸಂಬಳ ಎಷ್ಟು ಕೊಡ್ತಿದ್ರು ಅಂತ. ಸಂಬಳ ಇಲ್ಲ. ವಾರವೆಲ್ಲ ಸ್ಯಾನ್ ಹೋಸೆಯಲ್ಲಿ ಕಂಪನಿ ಕೆಲಸ. ರಜೆಯ ದಿನ ನಸುಕಿನಲ್ಲೇ ಎದ್ದು ಮಾಂಟೆರೆ ದಾರಿ ಹಿಡಿಯುವುದು. 1984ರಲ್ಲಿ ಶುರುವಾದ ಅಕ್ವೇರಿಯಂ ಅದು, ಸಮುದ್ರದ ದಂಡೆಯಲ್ಲೇ ಇದೆ. ನಾನು ಇಳಿಯುತ್ತಿದ್ದದ್ದು ಕೆಲ್ಪ್ ಕಾಡಿನ ತೊಟ್ಟಿಗೆ. 28 ಅಡಿ ಎತ್ತರ, ಮೇಲೆ ಚಾವಣಿ ಇಲ್ಲ. ಕೆಲ್ಪ್ ಅಂದರೆ ಸಮುದ್ರದ ಪಾಚಿಯೇ, ಆದರೆ ಮರದೆತ್ತರ ಬೆಳೆಯುತ್ತದೆ. ತೆರೆದ ಸಮುದ್ರದಲ್ಲಿ ಎಲ್ಲ ಅನುಕೂಲವಾದರೆ ದಿನಕ್ಕೆ ಒಂದು ಅಡಿಗೂ ಜಾಸ್ತಿ. ಅದಕ್ಕೆ ಬಿಸಿಲೂ ಬೇಕು, ಓಡಾಡುವ ನೀರೂ ಬೇಕು. ಹಾಗಾಗಿ ಒಂದು ಯಂತ್ರ ಸದಾ ನೀರನ್ನು ಹಿಂದೆ ಮುಂದೆ ದೂಡುತ್ತಿರುತ್ತದೆ. ಗಾಳಿಗೆ ಜೋಳದ ಹೊಲ ತೂಗಿದ ಹಾಗೆ ಇಡೀ ಕಾಡು ತೂಗುತ್ತದೆ. ಹಗಲು ಜನರಿಗೆ ಚೆನ್ನಾಗಿ ಕಾಣಲಿ ಅಂತ ನೀರನ್ನು ಸೋಸಿ ಬಿಡುತ್ತಾರೆ. ರಾತ್ರಿ ಕೊಲ್ಲಿಯ ನೀರನ್ನು ಸೋಸದೆ ಹಾಗೇ ಬಿಡುತ್ತಾರೆ. ಅದರ ಜೊತೆ ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳು ಒಳಗೆ ಬಂದು, ಬಂಡೆ ಹಿಡಿದು, ತಾವಾಗೇ ಸಂಸಾರ ಹೂಡುತ್ತವೆ. ಯಾರೂ ತಂದು ಬಿಡದ ಜೀವ ಒಂದು ದಿನ ಬಂಡೆಯ ಸಂದಿಯಲ್ಲಿ ಕಾಣಿಸಿದಾಗ ಆಗುವ ಖುಷಿ ಬೇರೆಯೇ.

ನನ್ನ ಪಾಲಿನ ಕೆಲಸ ಹೆಚ್ಚಾಗಿ ತೊಳೆಯುವುದು, ಕೆಲ್ಪ್ ಕತ್ತರಿಸುವುದು, ಮೀನಿಗೆ ಉಣ್ಣಿಸುವುದು. ನೋಡುವವರು ಗಾಜು ಅಂದುಕೊಳ್ಳುವುದು ನಿಜಕ್ಕೂ ಅಕ್ರಿಲಿಕ್, ಏಳಿಂಚಿನಷ್ಟು ದಪ್ಪ. ಗೀರು ಬಹಳ ಬೇಗ ಬೀಳುತ್ತದೆ. ಉಜ್ಜುವ ಮೆತ್ತನೆ ಪ್ಯಾಡಿನಲ್ಲಿ ಒಂದು ಮರಳಿನ ಕಣ ಸಿಕ್ಕಿಕೊಂಡಿದ್ದರೂ ಮುಗಿಯಿತು. ಒಂದು ಗೇಣು ಉಜ್ಜುವಷ್ಟರಲ್ಲಿ ನೀರು ಹಿಂದಕ್ಕೆ ಎಳೆಯುತ್ತದೆ. ಸುಮ್ನೆ ಅದರ ಜೊತೆ ಹೋಗಬೇಕು. ಅದೇ ಮತ್ತೆ ತಂದು ಬಿಟ್ಟಾಗ ಇನ್ನೊಂದು ಗೇಣು. ನೀರಿನ ಜೊತೆ ಹಟ ಹಿಡಿದರೆ ಸಿಲಿಂಡರಿನ ಗಾಳಿ ಬೇಗ ಖಾಲಿಯಾಗುತ್ತದೆ, ಅಷ್ಟೇ.

ಮೊದಲ ನಮಸ್ಕಾರ ನನ್ನ ಸೋದರಮಾವನಿಗೆ. ಬ್ಯಾಡಗಿ ಹತ್ತಿರದ ಹಳ್ಳಿಯಲ್ಲಿ, ಮೆಣಸಿನಕಾಯಿ ಹೊಲದ ಬಾವಿಯಲ್ಲಿ ನನಗೆ ಈಜು ಕಲಿಸಿದವರು ಅವರು. ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, "ಹೆದರಬ್ಯಾಡ, ಹಗ್ಗ ನನ್ನ ಕೈಯಾಗ ಐತಿ" ಅಂತ ಮೇಲೆ ನಿಲ್ಲುತ್ತಿದ್ದರು. ಹೆಣ್ಣುಹುಡುಗಿಯನ್ನು ಬಾವಿಗೆ ಇಳಿಸುತ್ತಾನೆ ಅಂತ ಊರವರು ಆಡಿಕೊಂಡಿದ್ದನ್ನು ಅವರು ನನ್ನ ಕಿವಿಗೆ ಬೀಳಗೊಡಲಿಲ್ಲ. ಎಷ್ಟೋ ವರ್ಷದ ಮೇಲೆ ಅವ್ವನಿಂದ ಗೊತ್ತಾಯಿತು. ಮಾವ ಹೇಳಿಕೊಟ್ಟದ್ದು ಉಸಿರು ಕಟ್ಟುವುದನ್ನು. ಸ್ಕೂಬಾದಲ್ಲಿ, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ನೀರಿಗಿಳಿಯುವುದರಲ್ಲಿ, ಮೊದಲ ನಿಯಮವೇ ಉಸಿರು ಕಟ್ಟಬಾರದು ಅನ್ನುವುದು. ಮೇಲೇಳುವಾಗ ನೀರಿನ ಒತ್ತಡ ಕಡಿಮೆಯಾಗಿ ಪುಪ್ಪುಸದೊಳಗಿನ ಗಾಳಿ ಹಿಗ್ಗುತ್ತದೆ, ಅದಕ್ಕೆ ದಾರಿ ಬಿಡದಿದ್ದರೆ ಪ್ರಾಣಕ್ಕೇ ಅಪಾಯ. ನಿಯಮ ತಿರುವುಮುರುವಾದರೂ, ನೀರಿನಲ್ಲಿ ಗಾಬರಿಯಾದಾಗ ಮೊದಲು ಉಸಿರಿನ ಕಡೆ ಗಮನ ಕೊಡು ಅನ್ನುವುದು ಮಾವನ ಪಾಠವೇ.

ಇನ್ನು ಕಿವಿಯ ಕತೆ. ಒಮ್ಮೆ ಮದುವೆಗೆ ಊರಿಗೆ ಬಂದಾಗ ನೆಗಡಿ ಕಿವಿಗೆ ಇಳಿದು, ಕೀವಾಗಿ, ತಮಟೆಯಲ್ಲಿ ತೂತು ಬಿತ್ತು. ಡೈವರ್‌ಗೆ ಕಿವಿ ಹೋದರೆ ಎಲ್ಲವೂ ಹೋದಂತೆ. 10 ಮೀಟರ್ ಕೆಳಗೆ ಹೋದರೆ ಒತ್ತಡ ಎರಡರಷ್ಟಾಗುತ್ತದೆ. ನಮ್ಮ ತೊಟ್ಟಿಯ ತಳದಲ್ಲೂ ಹೆಚ್ಚುಕಡಿಮೆ ಅಷ್ಟೇ. ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯೊಳಗಿನ ಗಾಳಿಯನ್ನು ಸರಿದೂಗಿಸುತ್ತಾ ಇಳಿಯಬೇಕು. ತೂತಿದ್ದರೆ ತಣ್ಣೀರು ನೇರ ಒಳಗೆ ನುಗ್ಗಿ ತಲೆ ತಿರುಗುತ್ತದೆ, ಮೇಲು ಯಾವುದು ಕೆಳಗು ಯಾವುದು ತಿಳಿಯದು. ಇದನ್ನೆಲ್ಲ ಹಾಳೆಯ ಮೇಲೆ ಚಿತ್ರ ಬರೆದು ತಿಳಿಸಿದವರು ಹುಬ್ಬಳ್ಳಿಯ ಒಬ್ಬ ಇಎನ್‌ಟಿ ಡಾಕ್ಟರ್. ಹೊರಗೆ ಪೇಷಂಟುಗಳ ಸಾಲು ಇದ್ದರೂ ಅವಸರ ಮಾಡಲಿಲ್ಲ. "ಡೈವಿಂಗ್ ಬಿಟ್ಟುಬಿಡು" ಅಂತ ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಅವರು ಹಾಗನ್ನಲಿಲ್ಲ. "ತೂತು ತಾನಾಗೇ ಮುಚ್ಚತೈತಿ, ಗಡಿಬಿಡಿ ಮಾಡಬ್ಯಾಡ್ರಿ" ಅಂದರು. ಹಾಗೇ ಆಯಿತು. ಡಾಕ್ಟರೇ, ನಿಮ್ಮ ಆ ಚಿತ್ರದ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ನೀರಿಗೆ ಇಳಿಯುವ ಹಾಗಿಲ್ಲದ ಆ ತಿಂಗಳುಗಳಲ್ಲಿ ಅಕ್ವೇರಿಯಂನವರು ನನ್ನನ್ನು ಮನೆಗೆ ಕಳಿಸಲಿಲ್ಲ. ತೊಟ್ಟಿಯ ಮೇಲೆ ನಿಂತು ಕಾಯುವ ಕೆಲಸ ಕೊಟ್ಟರು. ಯಾರು ಎಷ್ಟು ಹೊತ್ತಿಗೆ ಇಳಿದರು, ಸಿಲಿಂಡರಿನಲ್ಲಿ ಗಾಳಿ ಎಷ್ಟಿತ್ತು ಅಂತ ಬರೆದಿಡಬೇಕು. ಆಮೇಲೆ ನೀರಿನ ಮೇಲೆ ಏಳುವ ಗುಳ್ಳೆಗಳ ಮೇಲಿಂದ ಕಣ್ಣು ತೆಗೆಯಬಾರದು. ಮೇಲೆ ಬರುವವರ ಕೈಯಿಂದ ಭಾರದ ಬೆಲ್ಟ್ ಇಸಿದುಕೊಳ್ಳಬೇಕು. ಎದುರಿಗೆ ಜನ ಕೈಬೀಸುವುದು, ಫೋಟೋ ಹೊಡೆಯುವುದು ಒಳಗಿರುವ ಡೈವರ್‌ಗೆ. ಮೇಲೆ ನಿಂತವರು ಯಾರಿಗೂ ಕಾಣುವುದಿಲ್ಲ. ಅಷ್ಟು ವರ್ಷ ನನ್ನ ಗುಳ್ಳೆಗಳನ್ನು ಹೀಗೇ ಯಾರೋ ಒಬ್ಬರು ಕಣ್ಣಿಟ್ಟು ನೋಡುತ್ತಾ ನಿಂತಿದ್ದರಲ್ಲ ಅಂತ ಯೋಚಿಸಿದರೆ ಈಗಲೂ ಗಂಟಲು ಕಟ್ಟುತ್ತದೆ. ಅವರಲ್ಲಿ ಒಬ್ಬರು ರಿಟೈರ್ ಆದ ಮೇಷ್ಟ್ರು, ನನ್ನ ಡೈವಿಂಗ್ ಜೊತೆಗಾರರೂ ಹೌದು. ನಾನು ಮತ್ತೆ ಇಳಿದ ದಿನ ನನ್ನ ಸಿಲಿಂಡರಿನ ವಾಲ್ವು, ಮೀಟರು, ಬಕಲ್ಲು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿ, ಇನ್ನೊಮ್ಮೆ ನೋಡಿದರು. ಅವರಿಗೆ ಕನ್ನಡ ಬರುವುದಿಲ್ಲ. ಇದನ್ನು ಓದಿ ಹೇಳುವ ಕೆಲಸ ನನ್ನ ಮಗಳದು.

ಗದಗಿನ ಒಬ್ಬ ಅಮ್ಮನಿಗೂ ಇಲ್ಲಿ ಕೈಮುಗಿಯಬೇಕು. ಹೆಸರು ಕೇಳಲಿಲ್ಲ. ಒಳಗಿನಿಂದ ಉಜ್ಜುತ್ತಿದ್ದಾಗ ಕತ್ತಲೆಯ ಹಾಲಿನಲ್ಲಿ ಇಳಕಲ್ ಸೀರೆಯ ಕೆಂಪು ಸೆರಗು ಕಂಡಿತು. ಮಾಸ್ಕಿನೊಳಗೆ ಕಣ್ಣು ತುಂಬಿತು. ಪ್ಯಾಡ್ ಕಂಕುಳಲ್ಲಿ ಇಟ್ಟುಕೊಂಡು ಎರಡೂ ಕೈ ಜೋಡಿಸಿದೆ. ಅವರು ಆಚೀಚೆ ನೋಡಿ, ತಮಗೇ ಅಂತ ಗೊತ್ತಾದ ಮೇಲೆ ಸೆರಗು ಹೊದ್ದು ಕೈಮುಗಿದರು. ಕೆಲಸ ಮುಗಿಸಿ ಒದ್ದೆ ತಲೆಯಲ್ಲೇ ಹುಡುಕಿಕೊಂಡು ಹೋದೆ. ಮಗನ ಮನೆಗೆ ಬಂದಿದ್ದರು. "ನೀರು ಅಷ್ಟು ತಣ್ಣಗ ಇರತಾವಂತ, ಚಳಿ ಆಗಂಗಿಲ್ಲೇನ ಯವ್ವಾ?" ಅಂತ ನನ್ನ ಕೈ ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಬೆಚ್ಚಗಾಗುವವರೆಗೂ ಬಿಡಲಿಲ್ಲ.

ನಮ್ಮ ಮನೆಯವರಿಗೆ, ಮಗಳಿಗೆ, ಅವ್ವನಿಗೆ ಏನು ಬರೆದರೂ ಕಡಿಮೆಯೇ. ರಜೆಯ ಬೆಳಿಗ್ಗೆಗಳನ್ನೆಲ್ಲ ನನಗೆ ಬಿಟ್ಟುಕೊಟ್ಟವರು ಅವರು.

ಬಂದ ಮೇಲೆ ಇಲ್ಲಿನ ಸರ್ಕಾರಿ ಶಾಲೆಯ ಟೀಚರೊಬ್ಬರು ಮಕ್ಕಳ ಜೊತೆ ಮಾತಾಡಲು ಕರೆದರು. ಶೀಪ್‌ಹೆಡ್ ಅನ್ನುವ ಮೀನು ಹುಟ್ಟುವಾಗ ಎಲ್ಲವೂ ಹೆಣ್ಣು, ದೊಡ್ಡವಾದ ಮೇಲೆ ಕೆಲವು ಗಂಡಾಗುತ್ತವೆ ಅಂದಾಗ ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು, ಆಮೇಲೆ ಪ್ರಶ್ನೆಗಳ ಮಳೆ. ಟೀಚರಿಗೂ ಮಕ್ಕಳಿಗೂ ಥ್ಯಾಂಕ್ಸ್. ಡೈವಿಂಗ್ ಮಾಡಬೇಕಾದರೆ ಎಲ್ಲಿಗೆ ಹೋಗಬೇಕು ಅಂತ ಹಲವರು ಕೇಳಿದ್ದೀರಿ. ನಮ್ಮ ಕಡೆಯವರಿಗೆ ಮುರುಡೇಶ್ವರದ ಆಚೆಗಿನ ನೇತ್ರಾಣಿ ದ್ವೀಪವಿದೆ. ಹೋಗುವ ಮೊದಲು ಕಿವಿ ತೋರಿಸಿಕೊಳ್ಳಿ, ನೆಗಡಿ ಇದ್ದರೆ ಬೇಡವೇ ಬೇಡ. ಅದಕ್ಕೂ ಮೊದಲು ಈಜು ಕಲಿಯಬೇಕು ಅನ್ನುವ ಹೆಣ್ಣುಮಕ್ಕಳಿದ್ದರೆ, ಮನೆಯಲ್ಲಿ ಜೊತೆಗೆ ಬರುವವರಿಲ್ಲ ಅಂತ ಬಿಡಬೇಡಿ. ನನ್ನನ್ನು ಕರೆಯಿರಿ. ಬೆಳಿಗ್ಗೆ ಆರಕ್ಕೆ ಬೇಕಾದರೂ ಬರುತ್ತೇನೆ.