ಹಣೆಗೆ ಕೈ ಕೊಟ್ಟ ಕರು

ಮೈಸೂರು,
ಭಾನುವಾರ

ಚಿರಂಜೀವಿ ಪುಟ್ಟನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇತ್ತ ನಾವೆಲ್ಲ ಕ್ಷೇಮ. ನಿನ್ನ ದೊಡ್ಡಮ್ಮನ ಮಂಡಿನೋವು ಒಂದು ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ನೀನು ಫೋನಿನಲ್ಲಿ ಕೇಳಿದ್ದಕ್ಕೆ ಫೋನಿನಲ್ಲೇ ಉತ್ತರ ಹೇಳಿ ಮುಗಿಸಬಹುದಿತ್ತು. ಆದರೆ ಮಾರನೇ ದಿನ ಒಂದು ವಿಡಿಯೊ ಕಳಿಸಿದೆಯಲ್ಲ, ಅದನ್ನು ನೋಡಿದ ಮೇಲೆ ಕೂತು ಬರೆಯುವುದೇ ಸರಿ ಅನ್ನಿಸಿತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿನ್ನ ಪ್ರಶ್ನೆ. ಕರು ಹುಟ್ಟಿದ ಕೂಡಲೇ ತಾಯಿಯಿಂದ ಬೇರೆ ಮಾಡಬೇಕು ಅಂತ ಯೂಟ್ಯೂಬಿನಲ್ಲಿ ಹೇಳುತ್ತಾರೆ, ಜೊತೆಯಲ್ಲೇ ಇರಲಿ ಅಂತ ಅಮ್ಮ ಹಟ ಹಿಡಿದಿದ್ದಾಳೆ, ಯಾವುದು ಸರಿ ಅಂದೆ. ಆರು ಹಸು ಕಟ್ಟಿದವನಿಗೆ ಆರುನೂರು ಹಸುವಿನ ಫಾರ್ಮಿನ ಲೆಕ್ಕ ಬೇಡ. ನಿಮ್ಮಮ್ಮನ ಮಾತು ಕೇಳು. ಆದರೆ ಒಂದು ವಿಷಯದಲ್ಲಿ ಅವಳ ಮಾತನ್ನೂ ಕೇಳಬೇಡ. ಮಾಸು ಬೀಳುವ ತನಕ ಗಿಣ್ಣುಹಾಲು ಕೊಡಬಾರದು ಅಂತ ನಮ್ಮ ಕಡೆ ಒಂದು ನಂಬಿಕೆ ಇದೆ. ನನ್ನ ನೌಕರಿಯ ಅರ್ಧ ಆಯಸ್ಸು ಈ ನಂಬಿಕೆಯ ಜೊತೆ ಗುದ್ದಾಡುವುದರಲ್ಲೇ ಹೋಯಿತು.

ಮನುಷ್ಯರಲ್ಲಿ ತಾಯಿಯ ರೋಗನಿರೋಧಕ ಶಕ್ತಿ ಹೊಟ್ಟೆಯಲ್ಲಿರುವಾಗಲೇ ಮಗುವಿಗೆ ಒಂದಿಷ್ಟು ಇಳಿದಿರುತ್ತದೆ. ಹಸುವಿನಲ್ಲಿ ಮಾಸು ಅದನ್ನು ದಾಟಿಸುವುದಿಲ್ಲ. ಕರು ಬರಿಗೈಯಲ್ಲಿ ಹುಟ್ಟುತ್ತದೆ, ಬೇಕಾದದ್ದೆಲ್ಲ ಗಿಣ್ಣಿನಿಂದಲೇ ಬರಬೇಕು. ಗಿಣ್ಣಿನಲ್ಲಿರುವ ರೋಗನಿರೋಧಕ ಕಣಗಳನ್ನು ಹಾಗೆ ಹಾಗೇ ಒಳಗೆ ಬಿಟ್ಟುಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಇರುವುದು ಒಂದು ದಿನ ಮಾತ್ರ. ಅದೂ ಆರು ಗಂಟೆ ಕಳೆದ ಮೇಲೆ ಇಳಿಯುತ್ತ ಹೋಗುತ್ತದೆ. ನಾಳೆ ಎರಡರಷ್ಟು ಕುಡಿಸುತ್ತೇನೆ ಅಂದರೆ ನಡೆಯುವುದಿಲ್ಲ. ಹುಟ್ಟಿದ ಒಂದೆರಡು ಗಂಟೆಯೊಳಗೆ ಶುರು ಮಾಡು. ಮೂವತ್ತು ಕೆಜಿ ಕರುವಾದರೆ ಮೂರು ಲೀಟರು ಲೆಕ್ಕ, ಒಂದೇ ಸಲ ಹಿಡಿಸದಿದ್ದರೆ ಎರಡು ಸಲ ಕೊಡು. ಮಾಸು ಅದರ ಪಾಡಿಗೆ ಅದು ಬೀಳುತ್ತದೆ.

ಇನ್ನೊಂದು ಮಾತು. ಕರುವನ್ನು ಒಂಟಿಯಾಗಿ ಮೂಲೆಯಲ್ಲಿ ಕಟ್ಟಬೇಡ. ನಿನ್ನ ಎರಡು ಹಸುಗಳು ಹತ್ತಿರ ಹತ್ತಿರವೇ ಕರು ಹಾಕುತ್ತವೆ ಅಂದೆಯಲ್ಲ, ಎರಡು ಕರುಗಳನ್ನೂ ಒಂದೇ ಕಡೆ ಬಿಡು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ಕರುಗಳಿಗೆ ಬಣ್ಣ ಗುರುತಿಸುವುದನ್ನು ಕಲಿಸಿ ನೋಡಿದ್ದರು. 2014ರಲ್ಲಿ ಅದು ಅಚ್ಚಾಯಿತು. ಈ ಬಣ್ಣದ ಕಡೆ ಹೋದರೆ ಹಾಲು, ಆ ಬಣ್ಣದ ಕಡೆ ಹೋದರೆ ಇಲ್ಲ. ಒಂಟಿಯಾಗಿ ಬೆಳೆದ ಕರು, ಜೊತೆಯಲ್ಲಿ ಬೆಳೆದ ಕರು, ಎರಡೂ ಇಷ್ಟನ್ನು ಕಲಿತವು. ಆಮೇಲೆ ನಿಯಮವನ್ನು ತಿರುಗಾಮುರುಗಾ ಮಾಡಿದರು. ಜೊತೆಗಾರನಿದ್ದ ಕರು ಹೊಂದಿಕೊಂಡಿತು, ಒಂಟಿ ಕರು ಹಳೆಯದಕ್ಕೇ ಜೋತುಬಿದ್ದು ಒದ್ದಾಡಿತು. ದಡ್ಡ ಕರು ಅಂತ ನಾವು ಬೈಯುತ್ತೇವಲ್ಲ, ಎಷ್ಟೋ ಸಲ ಅದು ನಾವೇ ಮೂಲೆಯಲ್ಲಿ ಕಟ್ಟಿ ಮಾಡಿದ ದಡ್ಡತನ.

ಇನ್ನು ಆ ವಿಡಿಯೊ. ನಿನ್ನ ಮಗಳು ತಾತನ ತೊಡೆಯ ಮೇಲೆ ಕೂತು ಅವನ ಕೆನ್ನೆಗೆ ಪಟಾರನೆ ಬಾರಿಸುತ್ತಾಳೆ, ಮನೆಮಂದಿಯೆಲ್ಲ ನಗುತ್ತೀರಿ, ನಿಮ್ಮಪ್ಪ ಎಲ್ಲರಿಗಿಂತ ಜೋರಾಗಿ ನಕ್ಕು ‘ಇನ್ನೊಂದು ಕೊಡು’ ಅಂತ ಕೆನ್ನೆ ಒಡ್ಡುತ್ತಾನೆ. ಒಂದೂವರೆ ವರ್ಷದ ಕೂಸಿನ ಏಟು, ಯಾರಿಗೆ ತಾನೇ ನೋವಾಗುತ್ತದೆ? ನಾನೂ ನಕ್ಕೆ. ನಕ್ಕ ಮೇಲೆ ನನಗೆ ನಿನ್ನಜ್ಜಿಯ ಮಣಿಕಟ್ಟು ನೆನಪಾಯಿತು.

ಅವಳ ಬಲಗೈ ಸೊಟ್ಟಗಿದ್ದದ್ದನ್ನು ನೀನೂ ನೋಡಿದ್ದೀಯ. ಬಾವಿಕಟ್ಟೆಯಲ್ಲಿ ಜಾರಿಬಿದ್ದದ್ದು ಅಂತ ನಿಮಗೆಲ್ಲ ಹೇಳಿಕೊಂಡು ಬಂದಿದ್ದೇವೆ. ನಿಜ ಅದಲ್ಲ. ನನಗೆ ಹನ್ನೊಂದು, ನಿಮ್ಮಪ್ಪನಿಗೆ ಎಂಟು ವರ್ಷ ಇದ್ದಾಗ ಮನೆಯಲ್ಲಿ ಒಂದು ಹಳ್ಳಿಕಾರ್ ಹೋರಿಗರು ಹುಟ್ಟಿತು. ಶಾಲೆಯಿಂದ ಬಂದವರೇ ಚೀಲ ಎಸೆದು ಕೊಟ್ಟಿಗೆಗೆ ಓಡುತ್ತಿದ್ದೆವು. ನಮ್ಮ ಆಟ ಒಂದೇ. ಅಂಗೈಯಿಂದ ಅದರ ಹಣೆ ಒತ್ತುವುದು, ಅದು ತಿರುಗಿ ಒತ್ತಿದಾಗ ‘ಅಮ್ಮಾ ಸತ್ತೆ’ ಅಂತ ಹುಲ್ಲಿನ ಮೇಲೆ ಉರುಳುವುದು. ತಿಂಗಳ ಕರುವಿನ ಗುಮ್ಮು ಅಂದರೆ ಕಚಗುಳಿ ಇಟ್ಟ ಹಾಗಿರುತ್ತದೆ. ನೋಡಿದವರೆಲ್ಲ ನಗುತ್ತಿದ್ದರು, ನಿನ್ನಜ್ಜಿಯೂ ನಗುತ್ತಿದ್ದಳು.

ಅದಕ್ಕೆ ಒಂದೂವರೆ ವರ್ಷ ತುಂಬಿ ಕೊಂಬು ಬಲಿತಿದ್ದವು. ಒಂದು ದಿನ ಸಂಜೆ ಅಮ್ಮ ಕಲಗಚ್ಚು ಇಡಲು ಬಗ್ಗಿದಳು. ಅದು ತಲೆ ತಗ್ಗಿಸಿ ಎತ್ತಿ ಎಸೆಯಿತು. ಅದಕ್ಕೆ ಸಿಟ್ಟೇನೂ ಬಂದಿರಲಿಲ್ಲ ಕಣೋ. ಮುಂದೆ ಓದಿ ಪಶುವೈದ್ಯನಾದ ಮೇಲೆ ನನಗೆ ಹೊಳೆದದ್ದು ಅದು. ಎರಡು ಕಾಲಿನವರು ಎದುರಿಗೆ ಬಂದರೆ ತಲೆ ಕೊಡಬೇಕು, ಆಗ ಅವರು ಬಿದ್ದು ನಗುತ್ತಾರೆ ಅನ್ನುವುದಷ್ಟೇ ಅದಕ್ಕೆ ಗೊತ್ತಿತ್ತು.

ಅಪ್ಪ ಮೈಮೇಲಿನ ಕೂದಲ ಸುಳಿ ನೋಡಿ ಶಕುನ ಹೇಳುವವರನ್ನು ಕರೆಸಿದರು. ಬಂದವರು ಮೈಮೇಲೆಲ್ಲ ಕೈಯಾಡಿಸಿ, ಸುಳಿ ಕೆಟ್ಟದ್ದು, ಮನೆಗಾಗುವುದಿಲ್ಲ ಅಂದರು. ಇನ್ನೊಬ್ಬರು ಇದರ ತಾಯಿಯ ಕಡೆಯ ರಕ್ತವೇ ಹೀಗೆ ಅಂದರು. ದಲ್ಲಾಳಿ ಅರ್ಧ ಬೆಲೆ ಕೊಟ್ಟು ಹೊಡೆದುಕೊಂಡು ಹೋದ. ನಾವಿಬ್ಬರೂ ಬಾಗಿಲ ಸಂದಿಯಲ್ಲಿ ನಿಂತು ನೋಡಿದೆವು, ಬಾಯಿ ಬಿಡಲಿಲ್ಲ.

ರಕ್ತದ ಮಾತು ಬಂತು ಅಂತ ಒಂದು ವಿಷಯ ಹೇಳಿಬಿಡುತ್ತೇನೆ. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮೈಕಲ್ ಮೀನಿ ಮತ್ತು ಜೊತೆಯವರು ಇಲಿಗಳನ್ನು ಇಟ್ಟುಕೊಂಡು ಇದನ್ನೇ ನೋಡಿದ್ದಾರೆ. ಕೆಲವು ತಾಯಿ ಇಲಿಗಳು ಮೊದಲ ವಾರ ಮರಿಗಳನ್ನು ಚೆನ್ನಾಗಿ ನೆಕ್ಕುತ್ತವೆ, ಕೆಲವು ಅಷ್ಟಾಗಿ ಹಚ್ಚಿಕೊಳ್ಳುವುದಿಲ್ಲ. ಹೆಚ್ಚು ನೆಕ್ಕಿಸಿಕೊಂಡ ಮರಿ ದೊಡ್ಡದಾದ ಮೇಲೂ ಸಣ್ಣದಕ್ಕೆಲ್ಲ ಬೆದರುವುದಿಲ್ಲ. ಇದು ತಳಿಯ ಗುಣವೇ ಇರಬಹುದಲ್ಲ ಅಂತ ಮರಿಗಳನ್ನು ಹುಟ್ಟಿದ ಕೂಡಲೇ ಅದಲು ಬದಲು ಮಾಡಿದರು. ಮರಿಗಳು ಹೆತ್ತವಳ ಹಾಗಾಗಲಿಲ್ಲ, ಸಾಕಿದವಳ ಹಾಗಾದವು. ಆ ಹೆಣ್ಣುಮರಿಗಳು ಮುಂದೆ ತಮ್ಮ ಮರಿಗಳನ್ನೂ ಹಾಗೆಯೇ ನೆಕ್ಕಿದವು. ಮನುಷ್ಯರು ಇಲಿಗಳಲ್ಲ, ನಿಜ. ಆದರೂ ‘ಹುಟ್ಟುಗುಣ ಸುಟ್ಟರೂ ಹೋಗದು’ ಅಂತ ಯಾರಾದರೂ ಅಂದಾಗ ನನಗೆ ಈ ಇಲಿಗಳೂ ಆ ಹೋರಿಯ ಸುಳಿಯೂ ಒಟ್ಟಿಗೆ ನೆನಪಾಗುತ್ತವೆ.

ನೀನು ಹೆದರುವುದು ಬೇಡ. ಗಿಣ್ಣಿನ ಹಾಗೆ ಎಲ್ಲಕ್ಕೂ ಒಂದೇ ದಿನದ ಗಡುವಿಲ್ಲ. ದಕ್ಷಿಣ ಆಫ್ರಿಕದ ಪಿಲಾನೆಸ್‌ಬರ್ಗ್ ಕಾಡಿನ ಕತೆ ಕೇಳು. ಕ್ರೂಗರ್ ಉದ್ಯಾನದಲ್ಲಿ ಆನೆಗಳು ಹೆಚ್ಚಾದವು ಅಂತ ದೊಡ್ಡವನ್ನು ಕೊಂದು, ತಬ್ಬಲಿ ಮರಿಗಳನ್ನು ಅಲ್ಲಿಗೆ ಸಾಗಿಸಿದ್ದರು. ದೊಡ್ಡವರಿಲ್ಲದೆ ಬೆಳೆದ ಆ ಗಂಡುಮರಿಗಳಿಗೆ ವಯಸ್ಸಿಗೆ ಮುಂಚೆಯೇ ಮದ ಏರಿತು, ಏರಿದ್ದು ಬೇಗ ಇಳಿಯಲೂ ಇಲ್ಲ. 1992ರಿಂದ 1997ರವರೆಗೆ ನಲವತ್ತಕ್ಕೂ ಹೆಚ್ಚು ಬಿಳಿ ಘೇಂಡಾಮೃಗಗಳನ್ನು ಕೊಂದವು. 1998ರಲ್ಲಿ ಕ್ರೂಗರ್‌ನಿಂದಲೇ ಆರು ದೊಡ್ಡ ಸಲಗಗಳನ್ನು ತಂದು ಬಿಟ್ಟರು. ಆ ದೊಡ್ಡವು ಇದ್ದ ಮೇಲೆ ಹುಡುಗರ ಮದ ತಹಬಂದಿಗೆ ಬಂತು, ಘೇಂಡಾಮೃಗಗಳ ಸಾವು ನಿಂತಿತು. ಹದಿಹರೆಯಕ್ಕೆ ಬಂದಿದ್ದ ಪುಂಡಾನೆಗಳೇ ದಾರಿಗೆ ಬಂದವು ಅಂದಮೇಲೆ ಒಂದೂವರೆ ವರ್ಷದ ಮಗಳ ವಿಷಯದಲ್ಲಿ ಚಿಂತೆ ಏಕೆ? ನಿನ್ನ ಮನೆಯಲ್ಲಿ ಸಲಗವೂ ಇದೆ. ಅದು ಕೆನ್ನೆ ಒಡ್ಡಿಕೊಂಡು ಕೂತಿದೆ ಅಷ್ಟೇ.

ಮಗಳನ್ನು ಗದರಬೇಡ, ತಿರುಗಿ ಹೊಡೆಯುವುದಂತೂ ಬೇಡವೇ ಬೇಡ. ಏಟು ಬಿದ್ದಾಗ ಯಾರೂ ನಗಬೇಡಿ. ಅವಳ ಕೈ ಹಿಡಿದು ತಾತನ ಕೆನ್ನೆ ಸವರಿಸಿ, ಸವರಿದಾಗ ಎಲ್ಲರೂ ಬಿದ್ದು ಬಿದ್ದು ನಗಿ. ಅವಳಿಗೆ ಬೇಕಾದದ್ದು ನಿಮ್ಮ ನಗು, ಏಟಲ್ಲ. ಹತ್ತು ಹದಿನೈದು ದಿನ ಹಿಡಿಯಬಹುದು. ಮತ್ತೆ, ಅಂಥ ಹೊತ್ತಿನಲ್ಲಿ ಮೊಬೈಲು ತೆಗೆದು ಹಿಡಿಯುವುದನ್ನು ನಿಲ್ಲಿಸು. ಅದೂ ಒಂದು ಚಪ್ಪಾಳೆಯೇ.

ಕರು ಬಂದ ಮೇಲೆ ಅವಳನ್ನು ದಿನಾ ಕೊಟ್ಟಿಗೆಗೆ ಎತ್ತಿಕೊಂಡು ಹೋಗು. ಹಣೆ ಮುಟ್ಟಿಸಬೇಡ. ಕುತ್ತಿಗೆ, ಗಂಗೆದೊಗಲು ತುರಿಸುವುದನ್ನು ಕಲಿಸು. ಕರುಗಳು ಒಂದನ್ನೊಂದು ನೆಕ್ಕುವುದೂ ಅಲ್ಲಿಯೇ, ಕಣ್ಣು ಮುಚ್ಚಿ ಕುತ್ತಿಗೆ ನೀಡುತ್ತವೆ. ಹಾಗೆ ಕೈ ಕಂಡ ಕಡಸು ಮುಂದೆ ಚೊಚ್ಚಲಲ್ಲಿ ಕೆಚ್ಚಲಿಗೆ ಕೈ ಹಾಕಿದರೆ ಅಷ್ಟು ಬೇಗ ಒದೆಯುವುದಿಲ್ಲ.

ಈ ಪತ್ರವನ್ನು ನಿಮ್ಮಪ್ಪನಿಗೂ ಓದಿ ಹೇಳು. ಆ ಹೋರಿಗೆ ನಾವು ಇಟ್ಟಿದ್ದ ಹೆಸರು ಏನು ಅಂತ ಕೇಳು. ನನಗೆ ನೆನಪಿದೆ. ಅವನು ಮರೆತೆ ಅಂದರೆ ನಂಬಬೇಡ.

ಇಂತಿ ನಿನ್ನ
ದೊಡ್ಡಪ್ಪ

ತಾ.ಕ.: ಕರುವಿಗೆ ಹೊಟ್ಟೆ ತುಂಬಾ ಆಗಿ ಎರಡನೇ ದಿನದ ಗಿಣ್ಣು ಮಿಕ್ಕಿದರೆ ಮೈಸೂರು ಬಸ್ಸಿಗೆ ಒಂದು ಕ್ಯಾನು ಕೊಟ್ಟು ಕಳಿಸು. ನಿನ್ನ ದೊಡ್ಡಮ್ಮ ಬೆಲ್ಲ, ಏಲಕ್ಕಿ ಈಗಲೇ ತೆಗೆದಿಟ್ಟಿದ್ದಾಳೆ.